ತಗ್ಗು ಕಾರು, ಎತ್ತರದ ಗಾಡಿ, ನಾಲ್ಕು ಹಲಗೆ

ರಸ್ತೆ ಮೇಲೆ ಕೆಟ್ಟು ನಿಂತ ಕಾರನ್ನ ಲಾರಿ ಮೇಲೆ ಹತ್ತಿಸೋದು ನೋಡೋಕೆ ನಮ್ಮ ಜನಕ್ಕೆ ಎಷ್ಟು ಇಷ್ಟ ಅಂದ್ರೆ, ಜೆಸಿಬಿ ಕೆಲಸ ನೋಡೋಕೆ ನಿಲ್ಲೋ ಗುಂಪಿಗಿಂತ ಒಂದು ಕೈ ಜಾಸ್ತಿನೇ ಜನ ಸೇರ್ತಾರೆ. ಅದರಲ್ಲೂ ಕಾರು ಕೆಂಪು ಬಣ್ಣದ್ದಾಗಿ, ಎರಡೇ ಸೀಟಿಂದಾಗಿ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಮಲಗಿದ ಹಾಗಿದ್ರೆ ಕೇಳೋದೇ ಬೇಡ. ಎಲ್ಲರ ಕೈಯಲ್ಲೂ ಮೊಬೈಲು, ಎಲ್ಲರ ಬಾಯಲ್ಲೂ ಸಲಹೆ. "ಎತ್ತಿ ಇಟ್ಟುಬಿಡ್ರಿ" ಅನ್ನೋರು, "ಜೋರಾಗಿ ಎಳೀರಿ, ಬರ್ತದ" ಅನ್ನೋರು, ಆ ಕಾರಿನ ರೇಟು ಎಷ್ಟು ಅಂತ ಪಂದ್ಯ ಕಟ್ಟೋರು...

ಇವರೆಲ್ಲರ ನಡುವೆ ಮಾತಾಡದೆ ಕಾರಿನ ಮೂತಿ ಕೆಳಗೆ ಬಗ್ಗಿ ನೋಡ್ತಾ ಇರೋನು ಒಬ್ಬ ಇರ್ತಾನೆ. ಅವನೇ ಗಾಡಿಯವನು. ಇವತ್ತು ಬರೀತಿರೋದು ಅವನ ಕೆಲಸದ ಬಗ್ಗೆ. ನಮ್ಮ ಕಾಕಾ ಕಲಬುರಗಿಯಲ್ಲಿ ಇದೇ ಕೆಲಸ ಮಾಡ್ತಾರೆ. ಸಾಲ ಮಾಡಿ ತಗೊಂಡ ಒಂದು ಫ್ಲಾಟ್‌ಬೆಡ್ ಗಾಡಿ, ಅದರ ಕಂತು, ಅದರ ಡೀಸೆಲ್ಲು, ಅದೇ ಅವರ ಪ್ರಪಂಚ. ಹಿಂದಿನ ಸಲ ಎಳ್ಳಮಾವಾಸ್ಯೆಗೆ ಊರಿಗೆ ಹೋದಾಗ ಅವರ ಜೊತೆ ಒಂದು ಟ್ರಿಪ್ ಹೋಗಿದ್ದೆ. ಆಮೇಲೆ ಬೆಂಗಳೂರಿಗೆ ಬಂದು ಎಷ್ಟೋ ದಿನ ಅದೇ ತಲೇಲಿ ಸುತ್ತುತಾ ಇತ್ತು.

ಮೊದಲು ಸ್ವಲ್ಪ ಲೆಕ್ಕ. ಬೇಜಾರು ಮಾಡ್ಕೋಬೇಡಿ, ಹತ್ತನೇ ಕ್ಲಾಸಿನ ತ್ರಿಕೋನಮಿತಿ ಅಷ್ಟೇ :-)

ತಗ್ಗು ಕಾರಿನ ಕಷ್ಟ ಅದರ ತೂಕದ್ದಲ್ಲ, ಕೋನದ್ದು. ಕಾರಿನ ಮುಂದಿನ ಚಕ್ರ ನೆಲ ಮುಟ್ಟೋ ಜಾಗದಿಂದ ಮುಂದಿನ ಬಂಪರಿನ ತುಟಿಯವರೆಗೆ ಸುಮಾರು 1 ಮೀಟರ್ ಅಂತ ಇಟ್ಕೊಳ್ಳಿ. ಆ ತುಟಿ ನೆಲದಿಂದ 11 ಸೆಂಟಿಮೀಟರ್ ಎತ್ತರ ಇದೆ ಅಂತ ಇಟ್ಕೊಳ್ಳಿ. ಅಂದ್ರೆ ಈ ಕಾರು ಹೆಚ್ಚಂದ್ರೆ 6 ಡಿಗ್ರಿಯಷ್ಟು ಏರನ್ನ ಮೂತಿ ತಾಗಿಸದೆ ಹತ್ತಬಹುದು. ಅದಕ್ಕಿಂತ ಕಡಿದಾಗಿದ್ರೆ ಚಕ್ರ ಏರು ಮುಟ್ಟೋದಕ್ಕಿಂತ ಮೊದಲೇ ತುಟಿ ಹೋಗಿ ಗುದ್ದುತ್ತೆ.

ಈಗ ಗಾಡಿ ಕಡೆ ನೋಡಿ. ಫ್ಲಾಟ್‌ಬೆಡ್ ಅಂದ್ರೆ ಹಿಂದಕ್ಕೆ ಜಾರಿ, ವಾಲಿ, ಬಾಲ ನೆಲಕ್ಕೆ ತಾಗಿಸೋ ಹಾಸು. ಅದು ವಾಲೋ ಜಾಗ ನೆಲದಿಂದ 1 ಮೀಟರ್ ಎತ್ತರ, ಅಲ್ಲಿಂದ ಬಾಲದವರೆಗೆ ನಾಲ್ಕೂವರೆ ಮೀಟರ್ ಇದ್ರೆ ಇಳಿಜಾರು ಹೆಚ್ಚುಕಡಿಮೆ 13 ಡಿಗ್ರಿ. ಕಾರಿಗೆ ಆಗೋದು 6, ಗಾಡಿ ಕೊಡೋದು 13. ಈ ಏಳು ಡಿಗ್ರಿ ವ್ಯತ್ಯಾಸದಲ್ಲೇ ಬಂಪರುಗಳು ಒಡೆಯೋದು, ಜಗಳಗಳು ಆಗೋದು, ಬಾಡಿಗೆ ದುಡ್ಡು ಮುಳುಗೋದು.

ನಮ್ಮ ಮಾಮೂಲಿ ಕಾರುಗಳಿಗೆ ಈ ತೊಂದರೆ ಇಲ್ಲ, ಅವುಗಳ ಮೂತಿ ಸಾಕಷ್ಟು ಮೇಲಿರುತ್ತೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳೋ ಪ್ರಕಾರ ರಸ್ತೆ ಉಬ್ಬು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು, ಮೆತ್ತಗೆ ಏರಿ ಮೆತ್ತಗೆ ಇಳೀಬೇಕು. ನಮ್ಮ ಊರುಗಳ ಉಬ್ಬುಗಳು ಹೇಗಿರ್ತಾವೆ ಅಂತ ನಿಮಗೇ ಗೊತ್ತು. ಒಂದು ರಾತ್ರೀಲಿ ಹುಟ್ಟಿದ ಗೋಡೆಗಳು ಅವು! ಅಂಥ ಕಡೆ ಓಡಾಡೋಕೆ ತಗ್ಗು ಕಾರು ಮಾಡಿಲ್ಲ. ಆದರೂ ಬರ್ತಾವೆ. ಹೈದರಾಬಾದು ಹತ್ತಿರ, ಹೆದ್ದಾರಿ ಚೆನ್ನಾಗಿದೆ, ದುಡ್ಡಿರೋ ಹುಡುಗರು ವಾರದ ಕೊನೆಗೆ ಹೊರಡ್ತಾರೆ.

ಹಾಗೆ ಬಂದ ಒಂದು ಕಾರೇ ಅವತ್ತು ಶರಣಸಿರಸಗಿ ಹತ್ತಿರ ನಿಂತಿತ್ತು. ಶರಣಸಿರಸಗಿ ಕಲಬುರಗಿ ಪಕ್ಕದ ಹಳ್ಳಿ. ಹಬ್ಬದ ಮಾರನೇ ದಿನ. ಹಿಂದಿನ ದಿನ ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ, ಸಜ್ಜಿ ರೊಟ್ಟಿ, ಕಡಬು ಹೊಟ್ಟೆ ಬಿರಿಯೋ ಹಾಗೆ ತಿಂದು ಮಲಗಿದ್ದ ನನ್ನನ್ನ ಕಾಕಾ ಬೆಳಿಗ್ಗೆ ಎಬ್ಬಿಸಿದರು. "ಏಳೋ ತಮ್ಮಾ, ನಿಮ್ಮ ಇಂಜಿನಿಯರಿಂಗ್ ನೋಡೂಣು ನಡಿ." ಅವರ ಜೊತೆ ಕೆಲಸ ಮಾಡೋ ಹುಡುಗ ಹಬ್ಬಕ್ಕೆ ಅಂತ ಕಮಲಾಪುರದ ಕಡೆ ತನ್ನ ಊರಿಗೆ ಹೋಗಿದ್ದ. ಹಾಗಾಗಿ ಅವತ್ತಿಗೆ ನಾನೇ ಕ್ಲೀನರ್.

ಹೋಗಿ ನೋಡಿದ್ರೆ ಡ್ಯಾಶ್‌ಬೋರ್ಡ್ ಮೇಲೆ ಕೆಂಪು ದೀಪ, ಇಂಜಿನ್ ಬಂದ್. ಬ್ಯಾಟರಿ ಇತ್ತು, ಗಾಲಿ ಉರುಳ್ತಿತ್ತು, ಅದೊಂದು ಪುಣ್ಯ. ಕಾರಿನ ಹುಡುಗನಿಗೆ ನನಗಿಂತ ಒಂದೆರಡು ವರ್ಷ ಕಡಿಮೆ ವಯಸ್ಸಿರಬೇಕು. ಪಾಪ, ಬಿಸಿಲಲ್ಲಿ ಒಂದು ಗಂಟೆಯಿಂದ ನಿಂತಿದ್ದ, ಸುತ್ತ ಮೂವತ್ತು ಜನ. "ಜಲ್ದಿ ಮಾಡಿ, ಜಲ್ದಿ ಮಾಡಿ" ಅಂತ ಹಿಂದಿಯಲ್ಲಿ ಒಂದೇ ಸಮನೆ ಶುರು ಮಾಡಿದ.

ಕಾಕಾ ಏನೂ ಮಾತಾಡಲಿಲ್ಲ. ಪಕ್ಕದ ಹೊಲದ ಬೇಲಿಯಿಂದ ಒಂದು ನೆಟ್ಟನೆಯ ಕಟ್ಟಿಗೆ ತಗೊಂಡ್ರು. ಅದರ ಒಂದು ತುದಿಯನ್ನ ಮುಂದಿನ ಚಕ್ರದ ಬುಡಕ್ಕೆ ಇಟ್ಟು, ಇನ್ನೊಂದು ತುದಿಯನ್ನ ಬಂಪರಿನ ತುಟಿ ಮುಟ್ಟೋವರೆಗೆ ಮೇಲೆತ್ತಿದರು. ಅಷ್ಟೇ. ಆ ಕಟ್ಟಿಗೆ ನೆಲದ ಜೊತೆ ಮಾಡಿದ ಕೋನವೇ ಕಾರಿನ ಮಿತಿ.

"ನೋಡಪಾ, ಈ ಕಟಿಗಿ ಎಷ್ಟು ಏಳ್ತದೋ ಅಷ್ಟೇ ಏರು ಕೊಡಬೇಕು. ಇದಕ್ಕಿಂತ ಜಾಸ್ತಿ ಕೊಟ್ರ ಅದು ಮಾರಿ ಒಡಕೊಂತದ."

ನಾನು ಮೊಬೈಲ್ ತೆಗೆದು ಟ್ಯಾನ್ ಇನ್ವರ್ಸ್ ಒತ್ತೋ ಹೊತ್ತಿಗೆ ಅವರ ಅಳತೆ ಮುಗಿದಿತ್ತು. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದವನು ನಾನು. ಆ ಕಟ್ಟಿಗೆ ನೋಡಿ ಖುಷಿಯಾಯ್ತು ಕಣ್ರೀ, ನಿಜವಾಗಲೂ. ಉಪಕರಣ ಅಂದ್ರೆ ಇದು. ಬ್ಯಾಟರಿ ಬೇಡ, ನೆಟ್‌ವರ್ಕ್ ಬೇಡ, ಅಪ್‌ಡೇಟ್ ಕೇಳಲ್ಲ.

ಆಮೇಲೆ ಅವರು ಮಾಡಿದ್ದು ಇನ್ನೂ ಚೆಂದ. ಗಾಡಿನ ಅಲ್ಲೇ ರಸ್ತೆ ಮೇಲೆ ನಿಲ್ಲಿಸಿ ಹಾಸು ಇಳಿಸಲಿಲ್ಲ. ಹತ್ತಿಪ್ಪತ್ತು ಮಾರು ಮುಂದೆ ರಸ್ತೆಯಿಂದ ಹೊಲಕ್ಕೆ ಇಳಿಯೋ ಬಂಡಿದಾರಿ ಇತ್ತು. ಗಾಡಿನ ಆ ಇಳಿಜಾರಿಗೆ ಇಳಿಸಿ, ಬಾಲ ರಸ್ತೆ ಕಡೆ ಬರೋ ಹಾಗೆ ನಿಲ್ಲಿಸಿದರು. ಈಗ ಗಾಡಿಯ ಹಿಂದಿನ ಗಾಲಿಗಳು ರಸ್ತೆಗಿಂತ ಒಂದಡಿಯಷ್ಟು ಕೆಳಗೆ. ಅಂದ್ರೆ ಒಂದು ಮೀಟರ್ ಇದ್ದ ಎತ್ತರ ರಸ್ತೆ ಮಟ್ಟದಿಂದ ನೋಡಿದ್ರೆ ಎಪ್ಪತ್ತು ಸೆಂಟಿಮೀಟರ್. ಅದೇ ಹಾಸು, ಅದೇ ಉದ್ದ, ಆದರೆ ಇಳಿಜಾರು ಹದಿಮೂರರಿಂದ ಒಂಬತ್ತು ಡಿಗ್ರಿಗೆ ಬಂತು! ಒಂದು ಪೈಸೆ ಖರ್ಚಿಲ್ಲ.

ನಮ್ಮ ಕಡೆ ಟ್ರ್ಯಾಕ್ಟರು, ಜೆಸಿಬಿ ಲಾರಿಗೆ ಹತ್ತಿಸೋರು ಇದನ್ನೇ ಮಾಡ್ತಾರೆ. ಲಾರಿನ ತಗ್ಗಿಗೆ ನಿಲ್ಲಿಸಿ, ದಿಬ್ಬದ ಮೇಲಿಂದ ಹತ್ತಿಸ್ತಾರೆ. ಎಳ್ಳಮಾವಾಸ್ಯೆ ಹೊತ್ತಿಗೆ ನೆಲ ಒಣಗಿರುತ್ತೆ, ಅದಕ್ಕೇ ಇದು ಸಾಧ್ಯ ಆಯ್ತು. ಮಳೆಗಾಲದಲ್ಲಿ ನಮ್ಮ ಎರಿ ಮಣ್ಣಿಗೆ ಗಾಡಿ ಇಳಿಸಿದ್ರೆ ಕಾರಿನ ಜೊತೆ ಗಾಡಿನ ಎಳೆಯೋಕೂ ಇನ್ನೊಂದು ಗಾಡಿ ಬೇಕು.

ಆದರೂ ಒಂಬತ್ತು ಡಿಗ್ರಿ ಇದೆ, ಕಾರಿಗೆ ಆಗೋದು ಆರು. ಉಳಿದಿದ್ದಕ್ಕೆ ಹಲಗೆ. ಊರೊಳಗಿಂದ ತೊಗರಿ ಚೀಲ ಲಾರಿಗೆ ಹೇರುವಾಗ ಹಾಕೋ ಹಲಗೆಗಳನ್ನ ತರಿಸಿದರು. ಒಂದೊಂದು ಇಂಚು ದಪ್ಪದ್ದು, ನಾಲ್ಕು. ಎಡ ಚಕ್ರಕ್ಕೆ ಎರಡು, ಬಲ ಚಕ್ರಕ್ಕೆ ಎರಡು. ಕೆಳಗಿಂದು ಸ್ವಲ್ಪ ಹಿಂದೆ ಶುರುವಾಗುತ್ತೆ, ಮೇಲಿಂದು ಸ್ವಲ್ಪ ಮುಂದೆ, ಮೆಟ್ಟಿಲಿನ ಹಾಗೆ. ಕಾರಿನ ಚಕ್ರ ಹಾಸಿನ ಬಾಲಕ್ಕೆ ಬರೋ ಹೊತ್ತಿಗೆ ಎರಡು ಇಂಚು ಮೇಲೆ ಎದ್ದಿರುತ್ತೆ. ಚಕ್ರ ಎದ್ದರೆ ಅದರ ಮುಂದಿರೋ ಮೂತಿ ಇನ್ನೂ ಸ್ವಲ್ಪ ಜಾಸ್ತಿನೇ ಏಳುತ್ತೆ, ಯಾಕಂದ್ರೆ ಹಿಂದಿನ ಚಕ್ರ ನೆಲದಲ್ಲೇ ಇದೆ, ಕಾರು ಏತದ ಹಾಗೆ ವಾಲುತ್ತೆ. ನಾನು ಲೆಕ್ಕ ಹಾಕಿದಾಗ ಬೇಕಾಗಿದ್ದು ಮೂರೂವರೆ ಸೆಂಟಿಮೀಟರ್. ಕಾಕಾ ಕೊಟ್ಟಿದ್ದು ಐದು. ಇದೇ ಕಾರನ್ನ ಮಟ್ಟಸ ರಸ್ತೆಯಲ್ಲಿ ಹದಿಮೂರು ಡಿಗ್ರಿಗೆ ಹತ್ತಿಸೋದಾಗಿದ್ರೆ ಒಂಬತ್ತು ಸೆಂಟಿಮೀಟರ್ ಆದ್ರೂ ಬೇಕಿತ್ತು, ಅಂದ್ರೆ ಒಂದೊಂದು ಕಡೆ ನಾಲ್ಕು ಹಲಗೆ.

ಇನ್ನೊಂದು ಸೂಕ್ಷ್ಮ ಇದೆ. ಹಲಗೆ ನೆಲದ ಮೇಲೆ ಮಾತ್ರ ಇದ್ರೆ ಸಾಲದು. ಚಕ್ರ ಹಾಸಿನ ಮೇಲೆ ಬಂದ ತಕ್ಷಣ ಅಪಾಯ ಮುಗಿಯಲ್ಲ. ಹಲಗೆಯಿಂದ ಇಳಿದ್ರೆ ಮೂತಿ ಮತ್ತೆ ಕೆಳಗೆ ಬಂದು ಹಾಸಿಗೆ ಗುದ್ದುತ್ತೆ. ಅದಕ್ಕೇ ಹಲಗೆ ಹಾಸಿನ ಮೇಲೂ ಒಂದು ಮೀಟರಿನಷ್ಟು ಮುಂದುವರೀಬೇಕು, ಕಾರು ತಾನಾಗೇ ಮೂತಿ ಎತ್ತೋವರೆಗೆ. ಮುಂದಿನ ಚಕ್ರ ಮೇಲೆ ಹೋದ ಮೇಲೆ ಅದೇ ಹಲಗೆಗಳನ್ನ ತಂದು ಹಿಂದಿನ ಚಕ್ರಕ್ಕೆ ಕೊಡ್ಬೇಕು. ಯಾಕಂದ್ರೆ ಈಗ ಮೂತಿ ಮೇಲೆ, ಬಾಲ ಕೆಳಗೆ. ಸೈಲೆನ್ಸರ್ ನೆಲ ಉಜ್ಜೋ ಸಮಯ ಇದು. ಜನ ಎಲ್ಲ ಮುಂದೆ ನೋಡ್ತಿರ್ತಾರೆ, ಕಾರು ಒಡೆಯೋದು ಹಿಂದೆ!

ಕೆಲವು ಕಡೆ ಫ್ಲಾಟ್‌ಬೆಡ್ ಇರಲ್ಲ, ಮಾಮೂಲಿ ಲಾರಿಗೆ ಎರಡು ಕಬ್ಬಿಣದ ಪಟ್ಟಿ ಹಚ್ಚಿ ಹತ್ತಿಸ್ತಾರೆ. ಅಲ್ಲಿ ಮೂತಿ ಪಾರಾದ್ರೂ ಹೊಟ್ಟೆ ಸಿಕ್ಕಿಕೊಳ್ಳುತ್ತೆ. ಪಟ್ಟಿ ಮುಗಿದು ಲಾರಿ ಮಟ್ಟ ಆಗೋ ಅಂಚಿನ ಮೇಲೆ ಕಾರು ತಕ್ಕಡಿ ಹಾಗೆ ಕೂತುಬಿಡುತ್ತೆ. ಎರಡು ಚಕ್ರಗಳ ನಡುವೆ 2.6 ಮೀಟರ್, ಹೊಟ್ಟೆ 11 ಸೆಂಟಿಮೀಟರ್ ಎತ್ತರ ಇದ್ರೆ ಆ ಅಂಚು ಹತ್ತು ಡಿಗ್ರಿಗಿಂತ ಕಡಿಮೆ ಇರಬೇಕು. ಹಾಗಾಗಿ ತಗ್ಗು ಕಾರಿಗೆ ಅದು ಬೇಡವೇ ಬೇಡ.

ಈಗ ಎಳೆಯೋ ವಿಷಯ. ಕಾರಿನ ಡಿಕ್ಕಿಯ ಟೂಲ್ ಕಿಟ್ಟಲ್ಲಿ ಒಂದು ಗುಂಡು ಕೊಂಡಿ ಇರುತ್ತೆ. ಬಂಪರಿನ ಮೇಲಿರೋ ಸಣ್ಣ ಮುಚ್ಚಳ ತೆಗೆದು ಅದನ್ನ ತಿರುಗಿಸಿ ಕೂರಿಸಬೇಕು. ಬಹಳ ಕಾರುಗಳಲ್ಲಿ ಅದು ಉಲ್ಟಾ ತಿರುಪು, ಎಡಕ್ಕೆ ತಿರುಗಿಸಿದ್ರೆ ಬಿಗಿ ಆಗುತ್ತೆ. ಅದು ಬಿಟ್ಟು ಕೈಗೆ ಸಿಕ್ಕ ಸಸ್ಪೆನ್ಶನ್ನಿನ ಭಾಗಕ್ಕೆ ಸರಪಳಿ ಹಾಕಿ ಎಳೆದ್ರೆ ಗ್ಯಾರೇಜಿನಲ್ಲಿ ಇನ್ನೊಂದು ಬಿಲ್ ರೆಡಿ.

ಎಷ್ಟು ಬಲ ಬೇಕು ಗೊತ್ತಾ? ಒಂದೂವರೆ ಟನ್ನಿನ ಕಾರನ್ನ ಹದಿಮೂರು ಡಿಗ್ರಿ ಏರಿನಲ್ಲಿ ಎಳೆಯೋಕೆ ಸುಮಾರು 350 ಕೆಜಿ ಭಾರದಷ್ಟು ಸಾಕು. ಒಂಬತ್ತು ಡಿಗ್ರಿಗೆ ಇನ್ನೂ ಕಡಿಮೆ, 260ರ ಆಸುಪಾಸು. ಆದರೆ ಬ್ರೇಕ್ ಹಿಡಿದಿದ್ರೆ? ಈಗಿನ ಕಾರುಗಳಿಗೆ ಹ್ಯಾಂಡ್‌ಬ್ರೇಕ್ ಕೂಡ ಕರೆಂಟಿಂದು, ಬ್ಯಾಟರಿ ಸತ್ತರೆ ಬಿಡೋದೇ ಇಲ್ಲ. ಆಗ ಟೈರು ಉಜ್ಜಿಕೊಂಡು ಬರಬೇಕು, ಬಲ ಸಾವಿರದ ಮುನ್ನೂರು ಕೆಜಿ ದಾಟುತ್ತೆ. ಹಾಗಾಗಿ ವಿಂಚ್ ಮುಲುಕೋಕೆ ಶುರು ಮಾಡಿದ್ರೆ ಇನ್ನೂ ಜೋರು ಮಾಡೋದಲ್ಲ, ನಿಲ್ಲಿಸಿ ಏನು ಹಿಡಿದಿದೆ ಅಂತ ನೋಡೋದು. ಬ್ಯಾಟರಿಗೆ ಜಂಪ್ ಕೊಟ್ಟು ನ್ಯೂಟ್ರಲ್ ಮಾಡೋದು, ಅದೂ ಆಗ್ಲಿಲ್ಲ ಅಂದ್ರೆ ಚಕ್ರದ ಕೆಳಗೆ ಜಾರೋ ಪ್ಲಾಸ್ಟಿಕ್ ಹಲಗೆ ಅಥವಾ ಸಣ್ಣ ಗಾಲಿಗಾಡಿ ಕೊಡೋದು.

ಇಲ್ಲಿಗೆ ಬಂದಾಗ ಅದುವರೆಗೆ ಮೆತ್ತಗಿದ್ದ ಕಾಕಾ ಬದಲಾದ್ರು. ಹಗ್ಗ ಬಿಗಿಯಾಗ್ತಿದ್ದ ಹಾಗೇ ವಿಡಿಯೋ ಮಾಡೋಕೆ ಅಂತ ನಾಲ್ಕು ಹುಡುಗರು ಕಾರಿಗೂ ಗಾಡಿಗೂ ನಡುವೆ ಬಂದು ನಿಂತ್ರು. ಕಾಕಾ ವಿಂಚ್ ನಿಲ್ಲಿಸಿಬಿಟ್ರು.

"ಲೇ ಹುಡುಗೂರಾ, ಹಿಂದ ಸರೀರಿ! ವೈಯರಿನ ಎದುರ ಯಾರೂ ನಿಂದ್ರಬ್ಯಾಡ್ರಿ. ಹಿಂದ ಸರಿಯೂ ತನಾ ನಾ ಎಳೆಯಂಗಿಲ್ಲ."

"ಏನ್ ಆಗ್ತದ್ರೀ ಕಾಕಾ, ನಿಧಾನ ಬರಲಿಕತ್ತದಲ್ಲ" ಅಂದ ಒಬ್ಬ.

"ಕಡದಾಗ ನಿಧಾನ ಬರಂಗಿಲ್ಲ ಅದು" ಅಂದ್ರು.

ಕಾರಿನ ಹುಡುಗ ಮತ್ತೆ "ಟೈಮ್ ಆಗ್ತಿದೆ" ಅಂದ. ಕಾಕಾ ಅವನ ಕಡೆ ತಿರುಗಿ, "ಸಾಬ್, ಕಾರು ನಿಮ್ದು, ಹಗ್ಗ ನನ್ದು, ಕಾಲು ಈ ಹುಡುಗೂರ್ದು. ಅವರು ಸರೀಲಿ" ಅಂದ್ರು. ಹುಡುಗರು ಸರಿದ್ರು. ಕಾಕಾ ವೈಯರಿನ ಮಧ್ಯದಲ್ಲಿ ಎರಡು ದಪ್ಪ ಗೋಣಿಚೀಲ ಹೊದಿಸಿದರು, ಕಡಿದ್ರೆ ಬೀಸೋ ವೇಗ ಕಮ್ಮಿ ಆಗ್ಲಿ ಅಂತ. ಡ್ರಮ್ಮಿನ ಮೇಲೆ ಐದು ಸುತ್ತಾದ್ರೂ ವೈಯರ್ ಉಳಿದಿದೆಯಾ ಅಂತ ನೋಡಿದ್ರು. ಆಮೇಲೆ ಅರ್ಧ ಅಡಿ ಎಳೆಯೋದು, ನಿಲ್ಲಿಸೋದು, ಬಗ್ಗಿ ನೋಡೋದು. ಮತ್ತೆ ಅರ್ಧ ಅಡಿ. ನಾನು ಚಕ್ರದ ಹಿಂದೆ ಮರದ ತುಂಡು ಕೊಡ್ತಾ ಹೋದೆ, ಅದೂ ಪಕ್ಕದಲ್ಲಿ ನಿಂತು, ಉದ್ದನೆ ಕಟ್ಟಿಗೆಯಿಂದ ತಳ್ಳಿ, ಕೈ ಹಾಕದೆ.

ಕಾಕಾ ಯಾಕೆ ಹಾಗೆ ಅಂತ ನನಗೆ ವಾಪಸ್ ಬರ್ತಾ ಹೇಳಿದರು. ಸ್ವಂತ ಗಾಡಿ ತಗೊಳ್ಳೋ ಮೊದಲು ಇನ್ನೊಬ್ಬರ ಹತ್ತಿರ ಕೆಲಸಕ್ಕಿದ್ದಾಗ ಜೊತೆಗಿದ್ದ ಗೆಳೆಯನ ಮೊಣಕಾಲಿಗೆ ಕಡಿದ ವೈಯರ್ ಬಡಿದಿತ್ತಂತೆ. ಹಳೇ ವೈಯರು, ಎಳೆಎಳೆ ಬಿಟ್ಟಿತ್ತು. ಮಾಲೀಕನಿಗೆ ಅವಸರ. ಆ ಗೆಳೆಯ ಈಗ ಕೋಲು ಹಿಡಿದು ನಡೀತಾರೆ, ಪಾನ್ ಅಂಗಡಿ ಇಟ್ಕೊಂಡಿದ್ದಾರೆ. ಅವತ್ತು ಎಳೀತಿದ್ದ ಕಾರಿಗೆ ಒಂದು ಗೀರೂ ಬೀಳಲಿಲ್ಲವಂತೆ. ಎಲ್ಲರೂ "ಕಾರು ಉಳೀತು" ಅಂತ ಸಮಾಧಾನ ಪಟ್ಟರಂತೆ. ಇದನ್ನ ಹೇಳುವಾಗ ಕಾಕಾ ರಸ್ತೆ ಕಡೆನೇ ನೋಡ್ತಿದ್ರು, ನಾನೂ ಏನೂ ಕೇಳಲಿಲ್ಲ.

ನಮ್ಮ ಶರಣಬಸವೇಶ್ವರ ತೇರು ನೋಡಿದೋರಿಗೆ ಇದು ಬೇಗ ಅರ್ಥ ಆಗುತ್ತೆ. ಸಾವಿರಾರು ಜನ ಹಗ್ಗ ಎಳೀತಾರೆ, ಎಲ್ಲರ ಕಣ್ಣು ಕಳಸದ ಮೇಲೆ. ಆದರೆ ಗಾಲಿ ಪಕ್ಕ ಮರದ ತುಂಡು ಹಿಡಿದು ನಡೆಯೋ ನಾಲ್ಕು ಜನ ಇರ್ತಾರಲ್ಲ, ತೇರು ನಿಲ್ಲೋದು ತಿರುಗೋದು ಅವರ ಕೈಯಲ್ಲಿ. ಎಳೆಯೋಕೆ ಯಾರು ಬೇಕಾದ್ರೂ ಸಿಗ್ತಾರೆ. ನಿಲ್ಲಿಸೋಕೆ ಗೊತ್ತಿರೋರು ಬೇಕು.

ಈ ಎಳೆಯೋ ಗಾಡಿ ಹುಟ್ಟಿದ ಕಥೆನೂ ಹೀಗೇ ಇದೆ. 1916ರಲ್ಲಿ ಅಮೆರಿಕದ ಟೆನೆಸಿ ರಾಜ್ಯದ ಚಟನೂಗಾ ಅನ್ನೋ ಊರಲ್ಲಿ ಅರ್ನೆಸ್ಟ್ ಹೋಮ್ಸ್ ಅನ್ನೋ ಗ್ಯಾರೇಜಿನವನು ಹಳ್ಳಕ್ಕೆ ಬಿದ್ದ ಗೆಳೆಯನ ಫೋರ್ಡ್ ಮಾಡೆಲ್ ಟಿ ಕಾರನ್ನ ಎತ್ತೋಕೆ ಹೋದ. ಹಗ್ಗ, ಮರದ ದಿಮ್ಮಿ, ಆರು ಜನ, ಎಂಟು ಗಂಟೆ ಹಿಡೀತು. ಇದಕ್ಕೊಂದು ಒಳ್ಳೆ ದಾರಿ ಇರಲೇಬೇಕು ಅಂತ ಒಂದು ಹಳೇ ಕ್ಯಾಡಿಲಾಕ್ ಮೇಲೆ ಮೂರು ಕಂಬ, ಒಂದು ರಾಟೆ, ಒಂದು ಸರಪಳಿ ಕೂರಿಸಿದ. ಅದೇ ಮೊದಲ ಟೋಯಿಂಗ್ ಗಾಡಿ. ಆ ಊರಲ್ಲಿ ಈಗ ಈ ಗಾಡಿಗಳದ್ದೇ ಮ್ಯೂಸಿಯಂ ಇದೆ. ಅದರ ಹೊರಗೆ 2006ರಿಂದ ಒಂದು ಗೋಡೆ ಇದೆ, ಕೆಟ್ಟು ನಿಂತ ಬೇರೆಯವರ ಗಾಡಿ ಎತ್ತೋಕೆ ಹೋಗಿ ಸತ್ತ ಕೆಲಸಗಾರರ ಹೆಸರು ಕೆತ್ತಿರೋ ಗೋಡೆ. ನಮ್ಮ ಹೆದ್ದಾರಿಗಳಲ್ಲೂ ಇಂಥವರು ಸಾಯ್ತಾರೆ, ಕಾಲು ಕಳ್ಕೊಳ್ತಾರೆ. ಪೇಪರಿನಲ್ಲಿ ಎರಡು ಸಾಲು ಬಂದ್ರೆ ಹೆಚ್ಚು.

ಕಾರು ಮೇಲೆ ಹತ್ತೋಕೆ ನಲವತ್ತು ನಿಮಿಷ ಆಯ್ತು. ಹಾಸು ಮಟ್ಟ ಮಾಡಿ, ಗೇರಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ನಾಲ್ಕೂ ಟೈರಿನ ಮೇಲೆ ಪಟ್ಟಿ ಹಾಕಿ ಬಿಗಿದ್ರು. ಬಾಡಿಗೆ ಮುಟ್ಟೋ ಹಾಗೆ ಒಂದೂ ಇಲ್ಲ. ಬಾಡಿ ಕಟ್ಟಿದ್ರೆ ಕಾರು ಸ್ಪ್ರಿಂಗಿನ ಮೇಲೆ ಕುಣಿದಾಗ ಪಟ್ಟಿ ಸಡಿಲ ಆಗುತ್ತೆ, ಟೈರು ಕಟ್ಟಿದ್ರೆ ಕಾರು ಎಷ್ಟು ಕುಣಿದ್ರೂ ಚಕ್ರ ಅಲುಗಲ್ಲ. ಹೊರಟು ಸ್ವಲ್ಪ ದೂರ ಹೋದ ಮೇಲೆ ಮತ್ತೆ ನಿಲ್ಲಿಸಿ ನಾಲ್ಕೂ ಪಟ್ಟಿ ಒಮ್ಮೆ ಬಿಗಿ ಮಾಡಿದ್ರು. ಯಾಕೆ ಅಂದ್ರೆ "ಹೊಸಾ ಗಂಟು ಮೊದಲನೇ ಹತ್ತು ಮೈಲಿಗೆ ಸುಳ್ಳು ಹೇಳ್ತದ" ಅಂದ್ರು. ಇದನ್ನ ನಮ್ಮ ಆಫೀಸಿನ ಗೋಡೆ ಮೇಲೆ ಬರೆದು ಹಾಕ್ಬೇಕು ಅನ್ನಿಸ್ತು. ಶುಕ್ರವಾರ ಸಂಜೆ ಕೋಡ್ ರಿಲೀಸ್ ಮಾಡಿ ಮನೆಗೆ ಓಡೋ ನಮ್ಮಂಥೋರಿಗೆ :-)

ಬಾಡಿಗೆ ಎಷ್ಟು ಸಿಕ್ತು ಅಂದ್ರೆ, ಕೆಲವು ಸಾವಿರ. ಆ ಬಂಪರಿನ ತುಟಿ ಒಡೆದಿದ್ರೆ ಖರ್ಚು ಲಕ್ಷದ ಲೆಕ್ಕ, ಕಾಕಾನ ಎಷ್ಟು ತಿಂಗಳ ಕಂತು ಅದು! ನನಗೆ ಕೊರೆಯೋದು ಇದೇ. ಅವಸರ ಮಾಡೋನು ಒಬ್ಬ, ಆ ಅವಸರದ ಬೆಲೆ ಕಟ್ಟೋನು ಇನ್ನೊಬ್ಬ. ಕಾರು ಉಳಿದ್ರೆ ಯಾರಿಗೂ ನೆನಪಿರಲ್ಲ, ಗೀರು ಬಿದ್ರೆ ಎಲ್ಲರ ಮೊಬೈಲಲ್ಲೂ ಇರುತ್ತೆ. ಆ ಎರಡು ಹೊರೆನೂ ಹೊತ್ಕೊಂಡು "ನಿಲ್ರಿ, ನೋಡ್ತೀನಿ" ಅನ್ನೋಕೆ ಬಹಳ ಗಟ್ಟಿ ಮನಸ್ಸು ಬೇಕು.

ನಮ್ಮಲ್ಲಿ ತಗ್ಗು ಕಾರು ಇಟ್ಕೊಂಡಿರೋರು ಬಹಳ ಕಡಿಮೆ ಇರ್ತೀರಿ. ಆದರೆ ಯಾವ ಕಾರಾದ್ರೂ ಒಂದು ದಿನ ಕೆಟ್ಟು ನಿಲ್ಲುತ್ತೆ. ಆಗ ಫೋನಿನಲ್ಲೇ ಕಾರು ಯಾವುದು, ಎಷ್ಟು ತಗ್ಗು, ಟೈರು ಇಳಿದಿದೆಯಾ, ಚಕ್ರ ಉರುಳುತ್ತಾ, ಬ್ಯಾಟರಿ ಇದೆಯಾ ಅಂತ ಹೇಳಿಬಿಡಿ. ಮುಂದಿನ ಟೈರು ಇಳಿದಿದ್ರೆ ಮೂತಿ ಇನ್ನೂ ಕೆಳಗೆ ಹೋಗಿರುತ್ತೆ, ಸಾಧ್ಯವಾದ್ರೆ ಗಾಳಿ ತುಂಬಿಸಿನೇ ಹತ್ತಿಸಿ. ಮೂತಿ ಎತ್ತೋ ಬಟನ್ ಇರೋ ಕಾರಾದ್ರೆ ಬ್ಯಾಟರಿ ಇರುವಾಗಲೇ ಒತ್ತಿ. ಹತ್ತಿಸೋ ಮೊದಲು ನಾಲ್ಕೂ ಕಡೆ ಫೋಟೋ ತೆಗೀರಿ, ಇಬ್ಬರಿಗೂ ಒಳ್ಳೇದು. ಆಮೇಲೆ ವೈಯರಿನ ಸಾಲಿನಿಂದ ದೂರ ಹೋಗಿ ನಿಲ್ಲಿ, ಮಕ್ಕಳನ್ನೂ ಕರ್ಕೊಂಡು ಹೋಗಿ. ಅವನು ಕಟ್ಟಿಗೆ ಹಿಡಿದು ಕಾರಿನ ಕೆಳಗೆ ಬಗ್ಗಿ ಹತ್ತು ನಿಮಿಷ ಸುಮ್ಮನೆ ನೋಡ್ತಿದ್ರೆ ಗಡಿಯಾರ ನೋಡ್ಬೇಡಿ. ಆ ಹತ್ತು ನಿಮಿಷಕ್ಕೂ ದುಡ್ಡು ಕೊಡಿ, ಯಾಕಂದ್ರೆ ಅವತ್ತಿನ ನಿಜವಾದ ಕೆಲಸ ಅದೇ.